ಅಂಟಿಸುವ ಮೊದಲು ಒಮ್ಮೆ ತಟ್ಟಿ ನೋಡಿ

ಮಾನ್ಯ ಸಂಪಾದಕರೇ,

ಅಡುಗೆಮನೆಯ ಹಳೆಯ ಟೈಲ್ಸ್ ಒಡೆಯುವ ಗೋಜೇ ಬೇಡ, ಅದರ ಮೇಲೆಯೇ ಹೊಸದನ್ನು ಅಂಟಿಸಿದರೆ ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ ಎಂಬ ಬರಹವನ್ನು ಕಳೆದ ವಾರದ ನಿಮ್ಮ ಪುರವಣಿಯಲ್ಲಿ ಓದಿದೆ. ಇದೇ ಮಾತನ್ನು 2005ರಲ್ಲಿ ನಮ್ಮ ಮನೆಗೆ ಬಂದ ಮೇಸ್ತ್ರಿಯೂ ಹೇಳಿದ್ದರು. ಅವರ ಮಾತು ಕೇಳಿ ಹದಿನೆಂಟು ವರ್ಷ ಬಾಳಿದವಳು ನಾನು. ಹಾಗಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 1986ರಲ್ಲಿ ಕಟ್ಟಿಸಿದ ಮನೆ. ಹತ್ತಡಿಗೆ ಒಂಬತ್ತಡಿಯ ಅಡುಗೆಮನೆಗೆ ಆಗ ಹಾಕಿಸಿದ್ದು ರೆಡ್ ಆಕ್ಸೈಡ್ ನೆಲ. ನಮ್ಮ ಅತ್ತೆ ದಿನವೂ ಒರೆಸಿ ಒರೆಸಿ ಅದಕ್ಕೆ ಮುಖ ಕಾಣುವಷ್ಟು ಹೊಳಪು ತಂದಿದ್ದರು. ಮಗಳ ಮದುವೆ ಗೊತ್ತಾದಾಗ, ಬೀಗರು ಬಂದು ಹೋಗುವ ಮನೆಗೆ ಕೆಂಪು ನೆಲ ಚೆನ್ನಾಗಿರುವುದಿಲ್ಲ ಎಂದು ನಮ್ಮ ಯಜಮಾನರಿಗೆ ಅನ್ನಿಸಿತು. (ಈಗ ಅದೇ ಕೆಂಪು ನೆಲವನ್ನು ಕೇಳಿ ಕೇಳಿ ಮಾಡಿಸಿಕೊಳ್ಳುತ್ತಾರೆ, ಮಾಡಬಲ್ಲ ಕೈಗಳು ಸಿಗುವುದಿಲ್ಲ.) "ಒಡೆಯುವುದು ಯಾಕಮ್ಮಾ, ಧೂಳು, ಖರ್ಚು. ಮೇಲೆಯೇ ಕೂರಿಸಿಬಿಡೋಣ" ಎಂದರು ಮೇಸ್ತ್ರಿ. ನಮಗೂ ಅದೇ ಬೇಕಾಗಿತ್ತು. ಗಾಜಿನಂತಿದ್ದ ನೆಲಕ್ಕೆ ಅಲ್ಲೊಂದು ಇಲ್ಲೊಂದು ಕಚ್ಚು ಹಾಕಿ, ಒಂದೂಕಾಲು ಇಂಚು ಸಿಮೆಂಟು-ಮರಳು ಹರಡಿ, ಅದರ ಮೇಲೆ ಒಂದಡಿಯ ಸೆರಾಮಿಕ್ ಟೈಲ್ಸ್ ಕೂರಿಸಿದರು.

ಮೊದಲು ಕಾಣೆಯಾದದ್ದು ಹೊಸ್ತಿಲು. ನೆಲ ಒಂದೂವರೆ ಇಂಚು ಮೇಲೆ ಬಂದಿತ್ತು, ಹೊಸ್ತಿಲಿನ ಪಟ್ಟಿ ಅದರ ಕೆಳಗೆ ಹೂತುಹೋಯಿತು. ಅಡುಗೆಮನೆ ತೊಳೆದರೆ ನೀರು ಬಚ್ಚಲಿನ ಕಡೆಗೆ ಹೋಗುವ ಬದಲು ನಡುಮನೆಗೆ ಬರತೊಡಗಿತು, ಏಕೆಂದರೆ ಮೊದಲಿದ್ದ ವಾಟ ಹೊಸ ಗಾರೆಯಲ್ಲಿ ಕೆಟ್ಟುಹೋಗಿತ್ತು. ರಂಗೋಲಿಯ ಎಳೆ ಎಳೆಯಲು ಜಾಗವಿಲ್ಲದ ಇದೆಂಥ ಹೊಸ್ತಿಲು ಎಂದು ಅತ್ತೆ ಗೊಣಗುತ್ತಿದ್ದರು. ಬಾಗಿಲಿನ ಕೆಳಭಾಗವನ್ನು ಬಡಗಿ ಉಜ್ಜಿ ಕೊಟ್ಟಿದ್ದಕ್ಕೆ ಬೇರೆ ಖರ್ಚು.

2023ರ ಏಪ್ರಿಲ್‌ನ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಪಟ್ ಎಂದು ಸದ್ದಾಯಿತು. ಕುಕ್ಕರ್ ಇರಬೇಕೆಂದು ಓಡಿದೆ. ಒಲೆ ಉರಿಯುತ್ತಲೇ ಇರಲಿಲ್ಲ. ನೆಲದ ನಡುವೆ ನಾಲ್ಕು ಟೈಲ್ಸ್ ಒಂದಕ್ಕೊಂದು ತಲೆ ಕೊಟ್ಟು ಗುಡಾರದ ಹಾಗೆ ಎದ್ದು ನಿಂತಿದ್ದವು. ಮಧ್ಯೆ ನೂಲಿನಷ್ಟೂ ಸಂದು ಬಿಡದೆ ಅಂಚಿಗೆ ಅಂಚು ಕೂಡಿಸಿದ್ದರು. ಸೆಕೆಗೆ ಹಿಗ್ಗಿದ ಟೈಲ್ಸ್‌ಗೆ ಅಕ್ಕಪಕ್ಕ ಜಾಗವಿಲ್ಲ, ಕೆಳಗೆ ಹಿಡಿತವಿಲ್ಲ. ಮೇಲಕ್ಕಲ್ಲದೆ ಇನ್ನೆಲ್ಲಿಗೆ ಹೋದಾವು? ಒಂದನ್ನು ಕೈಯಿಂದ ಎತ್ತಿದೆ. ಕಾದ ಕಾವಲಿಯಿಂದ ದೋಸೆ ಬಿಡುವ ಹಾಗೆ ಗಾರೆಯ ಸಮೇತ ಎದ್ದು ಬಂತು. ಕೆಳಗೆ ಅತ್ತೆಯ ಕೆಂಪು ನೆಲ, ಒಂದು ಗೀರೂ ಇಲ್ಲದೆ.

ಹೊಸ ಮೇಸ್ತ್ರಿ ಬಂದು ನೋಡಿದರು. ಎದ್ದ ನಾಲ್ಕನ್ನು ಕೂರಿಸಿ, ಇಡೀ ನೆಲದ ಮೇಲೆ ಹೊಸ ಟೈಲ್ಸ್ ಅಂಟಿಸಿಬಿಡೋಣ ಎಂದರು! ಆಗ ನಾನು ಲಟ್ಟಣಿಗೆ ತಂದು ಅದರ ಹಿಡಿಯಿಂದ ಒಂದೊಂದೇ ಟೈಲ್ ತಟ್ಟತೊಡಗಿದೆ. ಹಲಸಿನ ಹಣ್ಣನ್ನು ತಟ್ಟಿ ನೋಡಿ ತರುವವರು ನಾವು, ನೆಲವನ್ನು ತಟ್ಟಬಾರದೇ? ಗಟ್ಟಿಯಾಗಿ ಕೂತದ್ದು ಟಕ್ ಎನ್ನುತ್ತದೆ, ಬಿಟ್ಟುಕೊಂಡದ್ದು ಬಿರುಕು ಬಿಟ್ಟ ಮಡಕೆಯ ಹಾಗೆ ಡೊಬ್ ಎನ್ನುತ್ತದೆ. ಡೊಬ್ ಎಂದದ್ದಕ್ಕೆಲ್ಲ ಬಳಪದಲ್ಲಿ ಗುರುತು ಹಾಕುತ್ತ ಹೋದೆ. ತೊಂಬತ್ತರಲ್ಲಿ ಐವತ್ತೆರಡಕ್ಕೆ ಗುರುತು ಬಿತ್ತು. ಮೇಸ್ತ್ರಿ ಮೊದಲು ನಗುತ್ತಿದ್ದವರು ಕೊನೆಗೆ ತಾವೇ ಬಳಪ ಹಿಡಿದು ನನ್ನ ಹಿಂದೆ ಬಂದರು. ಎಷ್ಟು ಒಳ್ಳೆಯ ಅಂಟು ತಂದರೂ ಅದು ಹಿಡಿಯುವುದು ಹಳೆಯ ಟೈಲನ್ನು. ಆ ಹಳೆಯ ಟೈಲೇ ನೆಲ ಬಿಟ್ಟಿದ್ದರೆ ಎರಡೂ ಒಟ್ಟಿಗೆ ಏಳುತ್ತವೆ. ನಿಮ್ಮ ಬರಹದಲ್ಲಿ ಈ ಮಾತು ಒಂದು ಸಾಲಿನಷ್ಟೂ ಇರಲಿಲ್ಲ.

ಹಾಗೆಂದು ಅಂಟಿಸುವುದೇ ತಪ್ಪು ಎನ್ನುವವಳಲ್ಲ. ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲಾಟ್‌ನಲ್ಲಿರುವ ನನ್ನ ತಂಗಿ ಅಂಟಿಸಿಯೇ ಮಾಡಿಸಿದಳು. ಅವಳಿಗೆ ಅದೇ ಸರಿ. ಅವಳ ಹಳೆಯ ಟೈಲ್ಸ್ ಬಣ್ಣ ಮಾಸಿದ್ದವೇ ಹೊರತು ತಟ್ಟಿದರೆ ಎಲ್ಲವೂ ಟಕ್. ಒಡೆಯಲು ಹೋದರೆ ಕೆಳಮನೆಯವರ ಸೂರು ಅದುರುತ್ತದೆ, ನೆಲದೊಳಗಿನ ನೀರಿನ ಪೈಪಿಗೆ ಏಟು ಬೀಳುತ್ತದೆ. ಅವರ ಕೆಲಸಗಾರ ಮೊದಲು ಸೋಡಾ ಹಾಕಿ ಉಜ್ಜಿ ಎಣ್ಣೆಯ ಜಿಡ್ಡು ತೆಗೆದ. ಅಡುಗೆಮನೆಯಲ್ಲಿ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಆಮೇಲೆ ಹೊಳಪು ಹೋಗುವಂತೆ ಗ್ರೈಂಡರಿನಿಂದ ಗೀರು ಹಾಕಿ, ಹಲ್ಲಿರುವ ಕರಣೆಯಿಂದ ಅಂಟು ಎಳೆದು, ಸಂದಿಗೆ ಸ್ಪೇಸರ್ ಇಟ್ಟು ಕೂರಿಸಿದ. ಒಂದು ದಿನ ಯಾರನ್ನೂ ಕಾಲಿಡಲು ಬಿಡಲಿಲ್ಲ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದೇ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಬರೀ ಸಿಮೆಂಟಿನ ಹಾಲು ಅದರ ಬೆನ್ನಿಗೆ ಹಿಡಿಯುವುದಿಲ್ಲ. ಅಂಟಿನ ಚೀಲದ ಮೇಲೆ ಟೈಲ್ಸ್ ಅಂಟಿನ ಭಾರತೀಯ ಮಾನಕವಾದ ಐಎಸ್ 15477 ಎಂದೂ ಪಕ್ಕದಲ್ಲಿ ಟೈಪ್ ಸಂಖ್ಯೆಯೂ ಇರುತ್ತದೆ. ಅಂಗಡಿಯವರು ಅಗ್ಗವೆಂದು ಕೊಡುವ ಟೈಪ್ 1, ಹಳೆಯ ಟೈಲ್ಸ್ ಮೇಲೆ ಅಂಟಿಸುವುದಕ್ಕಲ್ಲ.

ಅಷ್ಟು ಬುದ್ಧಿವಂತನೂ ಒಂದು ಕಡೆ ಎಡವಿದ. ಸಿಂಕ್ ಕೆಳಗಿನ ಕಪಾಟನ್ನು ಬಿಚ್ಚಲು ಬೇಸರಪಟ್ಟು ಅದರ ಅಂಚಿಗೆ ಟೈಲ್ಸ್ ನಿಲ್ಲಿಸಿದ. ಹೊಸ ನೆಲ ಅರ್ಧ ಇಂಚು ಮೇಲೆ, ಕಪಾಟಿನೊಳಗಿನ ನೆಲ ಅರ್ಧ ಇಂಚು ಕೆಳಗೆ. ಒರೆಸಿದ ನೀರು, ಸಿಂಕಿನಿಂದ ತೊಟ್ಟಿಕ್ಕಿದ ನೀರು ಎಲ್ಲವೂ ಆ ಹಳ್ಳದಲ್ಲಿ ನಿಂತು, ಮಳೆಗಾಲ ಮುಗಿಯುವಷ್ಟರಲ್ಲಿ ಕಪಾಟಿನ ಪ್ಲೈವುಡ್ ನೆನೆದ ರಸ್ಕಿನ ಹಾಗೆ ಉಬ್ಬಿತ್ತು. ಚಕ್ರದ ಸ್ಟ್ಯಾಂಡಿನ ಮೇಲೆ ಕಟ್ಟೆಯ ಕೆಳಗೆ ಕೂತ ಗ್ಯಾಸ್ ಸಿಲಿಂಡರ್ ಆ ಅರ್ಧ ಇಂಚಿನ ಮೆಟ್ಟಿಲನ್ನು ದಾಟಿ ಹೊರಬರಲು ಇಂದಿಗೂ ತಂಗಿಯ ಗಂಡನೇ ಬೇಕು.

ನಾವು ಒಡೆಸಿದೆವು. ಅದು ಸುಖದ ಕೆಲಸವಲ್ಲ ಎಂದೂ ಹೇಳಿಬಿಡಬೇಕು. ನಾಲ್ಕು ದಿನ ಎಂದದ್ದು ಹನ್ನೊಂದು ದಿನವಾಯಿತು. ಗಟ್ಟಿಯಾಗಿದ್ದ ಟೈಲ್ಸ್ ಒಡೆಯುವಾಗ ಸಿಂಕಿಗೆ ಹೋಗುವ ಹಳೆಯ ಕಬ್ಬಿಣದ ಪೈಪಿಗೆ ಉಳಿ ತಾಗಿ ಮನೆಯೆಲ್ಲ ನೀರು. ನಡುಮನೆಯಲ್ಲಿ ಒಂಟಿ ಒಲೆ ಇಟ್ಟುಕೊಂಡು ದಿನಾ ಚಿತ್ರಾನ್ನ, ಉಪ್ಪಿಟ್ಟು. ಬಾಯಿ ಕಟ್ಟಿಟ್ಟಿದ್ದ ಹುಳಿಪುಡಿ ಡಬ್ಬಿಯೊಳಗೂ ಧೂಳು. ಆ ಧೂಳಿನ ವಿಷಯಕ್ಕೆ ಒಂದು ಮಾತು: ಟೈಲ್ಸ್, ಗಾರೆಗಳ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಾನುಗಟ್ಟಲೆ ಅದನ್ನು ಉಸಿರಾಡಿದವರಿಗೆ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಕೆಲಸಕ್ಕೆ ಬಂದ ಹುಡುಗ ಮೂಗಿಗೆ ಕರವಸ್ತ್ರವನ್ನೂ ಕಟ್ಟಿರಲಿಲ್ಲ. ಮಾಸ್ಕ್ ಕೊಟ್ಟೆ, ನೀರು ಚಿಮುಕಿಸಿಯೇ ಕತ್ತರಿಸು ಎಂದೆ. ಮೊದಲ ದಿನ ನನ್ನ ಮಾತಿಗೆ ಕಟ್ಟಿಕೊಂಡ, ಎರಡನೇ ದಿನ ಅದು ಅವನ ಕತ್ತಿನಲ್ಲಿತ್ತು.

ಮೇಲಿನ ಪದರ ಹೋದ ಮೇಲೆ ಕೆಂಪು ನೆಲ ಎಲ್ಲ ಕಡೆ ಗಟ್ಟಿಯಾಗಿಯೇ ಇತ್ತು. ಹಾಗೆಯೇ ಉಳಿಸಿಕೊಳ್ಳುವ ಆಸೆ ನನಗಿತ್ತು. ಆದರೆ ಹೊಸ ಪೈಪಿಗಾಗಿ ಅದರ ನಡುವೆ ಕಾಲುವೆ ಕೊರೆಯಬೇಕಾಯಿತು. ಈ ಸಲ ನೆಲದ ತುಂಬ ಒತ್ತಾಗಿ ಕಚ್ಚು ಹಾಕಿಸಿ, ಅಂಟಿನಲ್ಲಿ ಒರಟು ಮೈಯ ಟೈಲ್ಸ್ ಕೂರಿಸಿದ್ದೇವೆ. ಅರ್ಧ ಇಂಚಿನಷ್ಟೇ ಎತ್ತರ. ಅಂದರೆ ಕೊನೆಗೆ ನಾವೂ ಹಳೆಯ ನೆಲದ ಮೇಲೆಯೇ ಕೂರಿಸಿದೆವು, ಗಟ್ಟಿಯಿದ್ದ ನೆಲದ ಮೇಲೆ. ಹೊಸ್ತಿಲು ಮತ್ತೆ ಕಾಣುತ್ತಿದೆ. ಅತ್ತೆ ಇಲ್ಲ.

ಇನ್ನು ನನ್ನದೇ ಒಂದು ತಪ್ಪು. ಒಡೆದ ಟೈಲ್ಸ್ ಮತ್ತು ಗಾರೆ ಮೂವತ್ತೊಂದು ಸಿಮೆಂಟು ಚೀಲ ತುಂಬಿತು. ಅಷ್ಟು ಚಿಕ್ಕ ಕೋಣೆಯಿಂದ ಅರ್ಧ ಟನ್ನಿಗೂ ಮೇಲೆ. ಗೂಡ್ಸ್ ಆಟೋದವನು ಇಪ್ಪತ್ತೇಳು ಚೀಲ ಏರಿಸಿಕೊಂಡು ಹೋದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ವಾರ ಕಳೆದ ಮೇಲೆ ಸಂಜೆಯ ನಡಿಗೆಯಲ್ಲಿ ಖಾಲಿ ನಿವೇಶನವೊಂದರ ಚರಂಡಿಯ ಪಕ್ಕ ನಮ್ಮ ಟೈಲ್ಸ್ ಕಂಡೆ. ಹಸಿರು ಎಲೆಯ ಅದೇ ಅಂಚು, ನಮ್ಮ ಯಜಮಾನರು ಆರಿಸಿ ತಂದದ್ದು. ಕಟ್ಟಡದ ಅವಶೇಷವನ್ನು ಚರಂಡಿ, ರಸ್ತೆ ಬದಿಗೆ ಸುರಿಯಬಾರದು, ಸ್ಥಳೀಯ ಸಂಸ್ಥೆ ಗೊತ್ತುಮಾಡಿದ ಜಾಗಕ್ಕೆ ಕೊಡಬೇಕು ಎಂದು 2016ರ ಕೇಂದ್ರ ನಿಯಮದಲ್ಲಿಯೇ ಇತ್ತು ಎಂಬುದು ನನಗೆ ತಿಳಿದದ್ದು ಆಮೇಲೆ.

ಪುರವಣಿಯಲ್ಲಿ ಇಂಥ ಬರಹ ಮತ್ತೆ ಹಾಕುವುದಾದರೆ, ಒಡೆದದ್ದನ್ನು ಯಾವ ಯಾವ ಊರಿನಲ್ಲಿ ಎಲ್ಲಿ ತೆಗೆದುಕೊಳ್ಳುತ್ತಾರೆ ಎಂಬ ವಿಳಾಸಗಳನ್ನೂ ಜೊತೆಗೆ ಪ್ರಕಟಿಸಿ. ಆಟೋದಲ್ಲಿ ಹಿಡಿಸದ ನಾಲ್ಕು ಚೀಲ ಇನ್ನೂ ನಮ್ಮ ಹಿತ್ತಲಿನಲ್ಲಿವೆ.

— ನಿವೃತ್ತ ಅಂಚೆ ನೌಕರಳೊಬ್ಬಳು, ಕುವೆಂಪುನಗರ, ಮೈಸೂರು