ಫೈಲಿನಿಂದ ಸಾಲು ಓದುವುದನ್ನು ಸರಿಯಾಗಿ ಕಲಿಸಿ

ಮಾನ್ಯ ಸಂಪಾದಕರೇ,

ಸಿ ಭಾಷೆಯ ಪಾಠಗಳಲ್ಲೂ ಮಾದರಿ ಉತ್ತರಗಳಲ್ಲೂ ಫೈಲಿನಿಂದ ಸಾಲು ಓದುವ ಭಾಗವನ್ನು ಆತುರದಲ್ಲಿ ಮುಗಿಸುವುದು ರೂಢಿಯಾಗಿದೆ. ಫೈಲ್ ತೆರೆಯಿರಿ, ಮುಗಿಯುವವರೆಗೆ ಓದಿ, ಮುಚ್ಚಿ, ಅಷ್ಟೆ. ಆದರೆ ಪ್ರೋಗ್ರಾಮ್‌ಗಳು ಹೊರಗಿನ ಜಗತ್ತಿನ ಡೇಟಾವನ್ನು ಮೊದಲು ಮುಟ್ಟುವುದೇ ಇಲ್ಲಿ. ಇಲ್ಲಿ ಕಲಿತ ತಪ್ಪು ವಿದ್ಯಾರ್ಥಿಯ ಜೊತೆ ಕೆಲಸದ ಜಾಗದವರೆಗೂ ಹೋಗುತ್ತದೆ. ಪಾಠ ಬರೆಯುವವರು, ಕಲಿಸುವವರು, ಕಲಿಯುವವರು ಈ ಭಾಗವನ್ನು ಮತ್ತೊಮ್ಮೆ ನೋಡಲಿ ಎಂದು ಈ ಪತ್ರ.

ಮೊದಲು ಬಫರ್, ಅಂದರೆ ಓದಿದ್ದನ್ನು ತಾತ್ಕಾಲಿಕವಾಗಿ ಇಡುವ ಮೆಮೊರಿಯ ಜಾಗದ ವಿಚಾರ. ಎಫ್‌ಓಪನ್‌ನಿಂದ ತೆರೆದ ಫೈಲಿನಿಂದ ಒಂದು ಅಕ್ಷರ ಕೇಳಿದರೂ ಸಿ ಲೈಬ್ರರಿ ಆಪರೇಟಿಂಗ್ ಸಿಸ್ಟಮ್‌ನಿಂದ ಒಂದು ದೊಡ್ಡ ತುಂಡನ್ನೇ ತರುತ್ತದೆ. ಲಿನಕ್ಸ್‌ನಲ್ಲಿ ಇದು ಸಾಮಾನ್ಯವಾಗಿ 4096 ಬೈಟ್. ತಂದದ್ದನ್ನು ತನ್ನ ಬಫರಿನಲ್ಲಿ ಇಟ್ಟುಕೊಂಡು, ನಾವು ಕೇಳಿದಂತೆಲ್ಲ ಅದರಿಂದಲೇ ಕೊಡುತ್ತದೆ. ಒಂದು ಮೆಗಾಬೈಟ್ ಫೈಲನ್ನು ಬೈಟಿಗೊಂದರಂತೆ ಸಿಸ್ಟಮ್ ಕಾಲ್ (ಆಪರೇಟಿಂಗ್ ಸಿಸ್ಟಮ್‌ಗೆ ನೇರ ಕರೆ) ಮಾಡಿ ಓದಿದರೆ 10,48,576 ಕಾಲ್ ಬೇಕು. 4096ರ ತುಂಡಿನಲ್ಲಿ 256 ಸಾಕು. ಎಫ್‌ಗೆಟ್‌ಸಿ ಬಳಸಿ ಒಂದೊಂದೇ ಅಕ್ಷರ ಓದಲು ಹಲವರು ಅಂಜುತ್ತಾರೆ. ಆ ಅಂಜಿಕೆಗೆ ಹೆಚ್ಚಿನ ಕಾರಣವಿಲ್ಲ, ಪ್ರತಿ ಅಕ್ಷರಕ್ಕೂ ಡಿಸ್ಕಿನವರೆಗೆ ಯಾರೂ ಹೋಗುತ್ತಿಲ್ಲ.

ಆಪರೇಟಿಂಗ್ ಸಿಸ್ಟಮ್‌ಗೆ ಸಾಲು ಎಂಬುದೇ ಗೊತ್ತಿಲ್ಲ. ಸಾಲು ಮುಗಿಯಿತೆಂದು ತೋರಿಸುವ ನ್ಯೂಲೈನ್ ಅದಕ್ಕೆ 10 ಎಂಬ ಬೆಲೆಯ ಇನ್ನೊಂದು ಬೈಟ್, ಅಷ್ಟೇ. ಹಾಗಾಗಿ ತುಂಡು ಯಾವುದೋ ಸಾಲಿನ ನಡುವೆ ಮುಗಿಯುತ್ತದೆ. ಆ ಜಾಗದಲ್ಲಿ ಎರಡು ತುಂಡುಗಳನ್ನು ಬೆಸೆಯುವ ಹೊಣೆ ಲೈಬ್ರರಿಯದು, ಅದನ್ನು ಅದು ಸರಿಯಾಗಿಯೇ ಮಾಡುತ್ತದೆ. ಆದರೆ ಸಾಲನ್ನು ತುಂಬಿಕೊಳ್ಳಲು ನಾವು ಕೊಡುವ ಅರೇ ಕೂಡ ಒಂದು ಬಫರೇ. ಅದರ ಅಂಚಿನಲ್ಲಿ ಸಾಲು ತುಂಡಾದರೆ ಬೆಸೆಯಬೇಕಾದವರು ನಾವು. ಈ ಎರಡು ಬಫರುಗಳನ್ನು ಬೇರೆ ಬೇರೆಯಾಗಿ ತೋರಿಸದೆ ಹೋಗುವುದೇ ಮುಂದಿನ ಹೆಚ್ಚಿನ ತಪ್ಪುಗಳಿಗೆ ಮೂಲ.

ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು, ‘ಎಫ್‌ಇಒಎಫ್ ಸುಳ್ಳಾಗಿರುವವರೆಗೆ’ ಎಂದು ಲೂಪ್ ಬರೆಯುವುದು. ಫೈಲಿನಲ್ಲಿ ಇನ್ನೂ ಏನಾದರೂ ಉಳಿದಿದೆಯೇ ಎಂಬುದನ್ನು ಎಫ್‌ಇಒಎಫ್ ಹೇಳುವುದಿಲ್ಲ. ಹಿಂದಿನ ಓದು ಫೈಲಿನ ಕೊನೆಗೆ ತಾಗಿತೇ ಎಂಬುದನ್ನು ಮಾತ್ರ ಹೇಳುತ್ತದೆ. ಕೊನೆಯ ಸಾಲು ನ್ಯೂಲೈನ್‌ನೊಂದಿಗೆ ಮುಗಿದಿದ್ದರೆ, ಸಾಲು ಓದಿಕೊಡುವ ಎಫ್‌ಗೆಟ್ಸ್ ಫಂಕ್ಷನ್ ಅಲ್ಲಿಗೇ ನಿಲ್ಲುತ್ತದೆ, ಕೊನೆಯನ್ನು ತಾಗಿರುವುದಿಲ್ಲ. ಲೂಪ್ ಮತ್ತೊಂದು ಸುತ್ತು ಹೋಗುತ್ತದೆ, ಎಫ್‌ಗೆಟ್ಸ್ ಏನೂ ಸಿಗಲಿಲ್ಲ ಎಂದು ಹೇಳುವ ನಲ್ ಪಾಯಿಂಟರ್ ಕೊಡುತ್ತದೆ, ಅರೇಯಲ್ಲಿ ಹಳೆಯ ಸಾಲು ಹಾಗೇ ಉಳಿದಿರುತ್ತದೆ. ಕೊನೆಯ ಸಾಲು ಎರಡು ಸಲ ಅಚ್ಚಾಗುವುದು ಹೀಗೆ. ಕೊನೆಯಲ್ಲಿ ನ್ಯೂಲೈನ್ ಇಲ್ಲದ ಫೈಲಿನಲ್ಲಿ ಇದೇ ಪ್ರೋಗ್ರಾಮ್ ಸರಿಯಾಗಿ ನಡೆಯುತ್ತದೆ, ಹಾಗಾಗಿ ತಪ್ಪು ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತದೆ. ಇನ್ನೂ ಕೆಟ್ಟದ್ದು ಓದುವಾಗ ದೋಷ ಬಂದಾಗ. ಲಿನಕ್ಸ್‌ನಲ್ಲಿ ಫೈಲಿನ ಬದಲು ಡೈರೆಕ್ಟರಿಯ ಹೆಸರು ಕೊಟ್ಟು ನೋಡಿ: ಓದಲೆಂದು ತೆರೆದರೆ ಎಫ್‌ಓಪನ್ ಒಪ್ಪಿಕೊಳ್ಳುತ್ತದೆ, ಓದು ಮಾತ್ರ ಪ್ರತಿ ಸಲವೂ ವಿಫಲ. ಫೈಲಿನ ಕೊನೆ ಬರುವುದೇ ಇಲ್ಲ, ಲೂಪ್ ನಿಲ್ಲುವುದೂ ಇಲ್ಲ. ಸರಿಯಾದ ಕ್ರಮ ಒಂದೇ. ಎಫ್‌ಗೆಟ್ಸ್ ಹಿಂದಿರುಗಿಸುವ ಬೆಲೆಯನ್ನೇ ಲೂಪಿನ ಷರತ್ತಾಗಿ ಬರೆಯಬೇಕು, ನಲ್ ಬಂದಾಗ ಹೊರಬರಬೇಕು. ಬಂದ ಮೇಲೆ ಎಫ್‌ಎರರ್ ಕೇಳಿ ಫೈಲ್ ಮುಗಿಯಿತೋ ಓದು ಕೆಟ್ಟಿತೋ ಎಂದು ತಿಳಿಯಬೇಕು.

ಸಾಲು ಓದುವ ಹಳೆಯ ಫಂಕ್ಷನ್ ಗೆಟ್ಸ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅರೇ ಎಷ್ಟು ದೊಡ್ಡದು ಎಂದು ಅದಕ್ಕೆ ತಿಳಿಸುವ ದಾರಿಯೇ ಇಲ್ಲ. 1988ರ ನವೆಂಬರ್‌ನಲ್ಲಿ ಹರಡಿದ ಮಾರಿಸ್ ವರ್ಮ್ (ಜಾಲದಲ್ಲಿ ತಾನೇ ಹರಡುವ ಪ್ರೋಗ್ರಾಮ್) ಹಿಡಿದ ದಾರಿಗಳಲ್ಲಿ ಒಂದು, ಬಳಕೆದಾರರ ಮಾಹಿತಿ ಕೊಡುವ ಫಿಂಗರ್ ಸೇವೆಯ ಪ್ರೋಗ್ರಾಮ್ 512 ಬೈಟ್ ಅರೇಗೆ ಗೆಟ್ಸ್‌ನಿಂದ ಓದುತ್ತಿದ್ದುದು. ವರ್ಮ್ 536 ಬೈಟ್ ಕಳುಹಿಸಿತು. 2011ರ ಸಿ ಮಾನಕ ಈ ಫಂಕ್ಷನ್ನನ್ನು ಭಾಷೆಯಿಂದಲೇ ತೆಗೆದುಹಾಕಿದೆ. ಇನ್ನೂ ಗೆಟ್ಸ್ ಕಲಿಸುವ ಪಾಠಗಳನ್ನು ತಿದ್ದಲೇಬೇಕು.

ಎಫ್‌ಗೆಟ್ಸ್ ಸುರಕ್ಷಿತ ಎಂದು ಹೇಳಿ ಅಲ್ಲಿಗೇ ನಿಲ್ಲಿಸುವುದೂ ಸಾಲದು. 16 ಬೈಟಿನ ಅರೇ ಕೊಟ್ಟರೆ ಅದು ಹೆಚ್ಚೆಂದರೆ 15 ಬೈಟ್ ಓದಿ ಕೊನೆಗೆ ಸೊನ್ನೆ ಬೈಟ್ ಇಡುತ್ತದೆ. ನ್ಯೂಲೈನ್ ಸಿಕ್ಕರೆ ಅದನ್ನೂ ಅರೇಯೊಳಗೆ ಇಟ್ಟೇ ನಿಲ್ಲುತ್ತದೆ. 14 ಅಕ್ಷರ ಮತ್ತು ನ್ಯೂಲೈನ್ ಇರುವ ಸಾಲು ಸರಿಯಾಗಿ ಹಿಡಿಸುತ್ತದೆ. 15 ಅಕ್ಷರದ ಸಾಲಾದರೆ ನ್ಯೂಲೈನ್ ಹೊರಗುಳಿದು ಮುಂದಿನ ಕರೆಗೆ ಒಂಟಿಯಾಗಿ ಬರುತ್ತದೆ, ಅದನ್ನು ಪ್ರೋಗ್ರಾಮ್ ಖಾಲಿ ಸಾಲು ಎಂದು ಎಣಿಸುತ್ತದೆ. 40 ಅಕ್ಷರದ ಸಾಲು ಮೂರು ‘ಸಾಲು’ಗಳಾಗುತ್ತದೆ. ಆದ್ದರಿಂದ ಪ್ರತಿ ಓದಿನ ನಂತರ ಅರೇಯಲ್ಲಿ ನ್ಯೂಲೈನ್ ಇದೆಯೇ ಎಂದು ನೋಡಲೇಬೇಕು. ಇದ್ದರೆ ಸಾಲು ಪೂರ್ಣ. ಇಲ್ಲದೆ, ಎಫ್‌ಇಒಎಫ್ ನಿಜವಾಗಿದ್ದರೆ ಅದು ನ್ಯೂಲೈನ್ ಇಲ್ಲದ ಕೊನೆಯ ಸಾಲು. ಎರಡೂ ಅಲ್ಲದಿದ್ದರೆ ಸಾಲು ಅರೇಗಿಂತ ಉದ್ದ. ಇಲ್ಲೊಂದು ಸೂಕ್ಷ್ಮವಿದೆ. ಫೈಲ್ ಸರಿಯಾಗಿ 15ನೇ ಅಕ್ಷರಕ್ಕೇ, ನ್ಯೂಲೈನ್ ಇಲ್ಲದೆ ಮುಗಿದರೆ, ಎಫ್‌ಗೆಟ್ಸ್ ಕೊನೆಯನ್ನು ತಾಗದೆಯೇ ನಿಂತಿರುತ್ತದೆ. ಎಫ್‌ಇಒಎಫ್ ಸುಳ್ಳೆನ್ನುತ್ತದೆ, ಪೂರ್ಣ ಸಾಲನ್ನು ಉದ್ದದ ಸಾಲೆಂದು ತಪ್ಪಾಗಿ ತಿರಸ್ಕರಿಸುತ್ತೇವೆ. ನ್ಯೂಲೈನ್ ಕಾಣದಾಗ ಎಫ್‌ಗೆಟ್‌ಸಿಯಿಂದ ಇನ್ನೊಂದು ಬೈಟ್ ಓದಿ ನೋಡುವುದು, ಬಂದರೆ ಅನ್‌ಗೆಟ್‌ಸಿಯಿಂದ ಹಿಂದಕ್ಕೆ ಹಾಕುವುದು ಇದಕ್ಕೆ ಪರಿಹಾರ.

ಉದ್ದದ ಸಾಲನ್ನು ಏನು ಮಾಡಬೇಕೆಂಬುದು ಕೆಲಸವನ್ನು ಅವಲಂಬಿಸಿದೆ. ಸಂರಚನಾ ಫೈಲಾದರೆ ಸಾಲಿನ ಸಂಖ್ಯೆಯೊಂದಿಗೆ ದೋಷ ತಿಳಿಸಿ ನಿಲ್ಲುವುದೇ ಮೇಲು. ಉಳಿದದ್ದನ್ನು ಬಿಟ್ಟು ಮುಂದೆ ಹೋಗಬೇಕಾದರೆ ನ್ಯೂಲೈನ್ ಅಥವಾ ಇಒಎಫ್ (ಇನ್ನು ಓದಲಾಗದು ಎಂಬ ಸೂಚನೆ) ಬರುವವರೆಗೆ ಎಫ್‌ಗೆಟ್‌ಸಿಯಿಂದ ಓದಿ ಎಸೆಯಬೇಕು. ಇಒಎಫ್ ನೋಡುವುದನ್ನು ಮರೆತರೆ ಅದೂ ಕೊನೆಯಿಲ್ಲದ ಲೂಪ್. ಇಡೀ ಸಾಲು ಬೇಕೆಂದರೆ ಮ್ಯಾಲಕ್‌ನಿಂದ 128 ಬೈಟ್ ಪಡೆದು ಶುರುಮಾಡಿ, ತುಂಬಿದಂತೆ ರಿಯಾಲಕ್‌ನಿಂದ ಇಮ್ಮಡಿ ಮಾಡುತ್ತ, ಈಗಾಗಲೇ ಓದಿದ ಭಾಗದ ಮುಂದಿನಿಂದ ಎಫ್‌ಗೆಟ್ಸ್ ಮುಂದುವರಿಸಬೇಕು. ರಿಯಾಲಕ್ ಕೊಟ್ಟದ್ದನ್ನು ಬೇರೆ ಪಾಯಿಂಟರ್‌ನಲ್ಲಿ ಹಿಡಿದು ಪರೀಕ್ಷಿಸಿ. ಹಳೆಯದರ ಮೇಲೇ ಬರೆದರೆ, ಮೆಮೊರಿ ಸಿಗದೆ ನಲ್ ಬಂದ ದಿನ ಹಳೆಯ ಬಫರಿನ ವಿಳಾಸವೂ ಕೈತಪ್ಪುತ್ತದೆ. ಅರೇಯನ್ನು ಫಂಕ್ಷನ್‌ಗೆ ಕಳುಹಿಸಿ ಒಳಗೆ ಸೈಜ್‌ಆಫ್ ಬಳಸುವವರು ಗಮನಿಸಿ, ಅಲ್ಲಿ ಸಿಗುವುದು ಪಾಯಿಂಟರ್‌ನ ಅಳತೆ. 64 ಬಿಟ್ ಯಂತ್ರದಲ್ಲಿ ಅದು 8, ಎಫ್‌ಗೆಟ್ಸ್ 7 ಬೈಟ್‌ಗೆ ನಿಲ್ಲುತ್ತದೆ. ಅಳತೆಯನ್ನು ಪ್ರತ್ಯೇಕ ಆರ್ಗ್ಯುಮೆಂಟ್ ಆಗಿ ಕಳುಹಿಸಿ.

ನ್ಯೂಲೈನ್ ಕಿತ್ತುಹಾಕಲು ‘ಸ್ಟ್ರಿಂಗಿನ ಉದ್ದ ಕೊಡುವ ಸ್ಟ್ರ್‌ಲೆನ್‌ನಲ್ಲಿ ಒಂದು ಕಳೆದು ಅಲ್ಲಿ ಸೊನ್ನೆ ಇಡು’ ಎಂಬ ಪಾಠ ಎಲ್ಲೆಡೆ ಇದೆ. ನ್ಯೂಲೈನ್ ಇಲ್ಲದ ಕೊನೆಯ ಸಾಲಿನಲ್ಲಿ ಅದು ನಿಜವಾದ ಅಕ್ಷರವೊಂದನ್ನು ತಿನ್ನುತ್ತದೆ. ಸಾಲು ಸೊನ್ನೆ ಬೈಟ್‌ನಿಂದಲೇ ಶುರುವಾದರೆ ಉದ್ದ ಸೊನ್ನೆ, ಬರೆಯುವುದು ಅರೇಯ ಹಿಂದಿನ ಜಾಗಕ್ಕೆ. ಅದರ ಬದಲು ಸ್ಟ್ರ್‌ಸಿಸ್ಪನ್ ಬಳಸಿ. ಸಾಲನ್ನೂ, ಕ್ಯಾರಿಯೇಜ್ ರಿಟರ್ನ್ ಮತ್ತು ನ್ಯೂಲೈನ್ ಇರುವ ಪುಟ್ಟ ಸ್ಟ್ರಿಂಗನ್ನೂ ಕೊಟ್ಟರೆ, ಆ ಎರಡರಲ್ಲಿ ಮೊದಲು ಸಿಕ್ಕಿದ್ದರ ಸ್ಥಾನ ಸಿಗುತ್ತದೆ; ಎರಡೂ ಇಲ್ಲದಿದ್ದರೆ ಸ್ಟ್ರಿಂಗಿನ ಉದ್ದ. ಎರಡು ಸಂದರ್ಭದಲ್ಲೂ ಆ ಸ್ಥಾನಕ್ಕೆ ಸೊನ್ನೆ ಇಡುವುದು ಸುರಕ್ಷಿತ. ವಿಂಡೋಸ್‌ನಲ್ಲಿ ಸಿದ್ಧಪಡಿಸಿದ ಫೈಲನ್ನು ಲಿನಕ್ಸ್‌ನಲ್ಲಿ ಓದುವಾಗ ಸಾಲಿನ ಕೊನೆಯಲ್ಲಿ ಅಂಟಿಕೊಂಡು ಬರುವ, 13 ಬೆಲೆಯ ಕ್ಯಾರಿಯೇಜ್ ರಿಟರ್ನ್ ಕೂಡ ಇದರಿಂದ ತೊಲಗುತ್ತದೆ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಪದಗಳು ಹೋಲಿಕೆಯಲ್ಲಿ ಬೇರೆ ಎಂದು ಬಂದರೆ ಮೊದಲು ಈ ಬೈಟನ್ನು ಅನುಮಾನಿಸಿ.

ಕನ್ನಡ ಪಠ್ಯ ಓದುವವರು ಇನ್ನೊಂದನ್ನು ಗಮನಿಸಬೇಕು. ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೂ 3 ಬೈಟ್. ‘ಕ್ಷ’ ಎಂಬ ಒಂದು ಅಕ್ಷರವೇ ಮೂರು ಸಂಕೇತ, ಅಂದರೆ 9 ಬೈಟ್. 80 ಬೈಟಿನ ಅರೇಯಲ್ಲಿ ಖಾಲಿ ಜಾಗವಿಲ್ಲದ ಉದ್ದನೆಯ ಕನ್ನಡ ಸಾಲು 26 ಸಂಕೇತ ತುಂಬಿ, 27ನೆಯದರ ಮೊದಲ ಬೈಟ್‌ಗೆ ತುಂಡಾಗುತ್ತದೆ. ಅದನ್ನು ಹಾಗೇ ಅಚ್ಚು ಮಾಡಿದರೆ ಅಕ್ಷರದ ಜಾಗದಲ್ಲಿ ಚೌಕವೋ ಪ್ರಶ್ನಾರ್ಥಕ ಚಿಹ್ನೆಯೋ ಬರುತ್ತದೆ. ಕೆಲವು ಫೈಲುಗಳ ತಲೆಯಲ್ಲಿ 239, 187, 191 ಎಂಬ ಮೂರು ಬೈಟ್‌ಗಳ, ಯುಟಿಎಫ್-8 ಎಂದು ತಿಳಿಸುವ ಗುರುತು ಇರುತ್ತದೆ. ಮೊದಲ ಸಾಲಿನಲ್ಲಿ ಮಾತ್ರ ಅದನ್ನು ಪರೀಕ್ಷಿಸಿ ದಾಟಿಸಿ. ಯುಟಿಎಫ್-16 ಫೈಲುಗಳಲ್ಲಿ ಸೊನ್ನೆ ಬೈಟ್‌ಗಳು ನಡುನಡುವೆ ಬರುವುದರಿಂದ ಎಫ್‌ಗೆಟ್ಸ್ ಅಲ್ಲಿ ಉಪಯೋಗಕ್ಕೆ ಬಾರದು.

ಎಫ್‌ಗೆಟ್‌ಸಿ ಕೊಟ್ಟದ್ದನ್ನು ಇಂಟ್‌ನಲ್ಲಿ ಹಿಡಿಯಬೇಕು, ಚಾರ್‌ನಲ್ಲಿ ಅಲ್ಲ. ಚಾರ್ ಋಣಸಂಖ್ಯೆ ಹಿಡಿಯುವ ಯಂತ್ರಗಳಲ್ಲಿ 255 ಬೆಲೆಯ ಬೈಟ್ ಮೈನಸ್ 1 ಆಗಿ ಇಒಎಫ್‌ನಂತೆ ಕಂಡು ಓದು ನಡುವೆಯೇ ನಿಲ್ಲುತ್ತದೆ. ಹಿಡಿಯದ ಯಂತ್ರಗಳಲ್ಲಿ ಇಒಎಫ್ ಎಂದೂ ಗುರುತೇ ಸಿಗುವುದಿಲ್ಲ.

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗಾಗಿ ಇರುವ ಪೋಸಿಕ್ಸ್ ಮಾನಕದ 2008ರ ಆವೃತ್ತಿಯಲ್ಲಿ ಸೇರಿದ ಗೆಟ್‌ಲೈನ್ ಈ ತಾಪತ್ರಯಗಳಲ್ಲಿ ಬಹುಪಾಲನ್ನು ತಾನೇ ಹೊರುತ್ತದೆ. ಪಾಯಿಂಟರ್‌ಗೆ ನಲ್, ಅಳತೆಗೆ ಸೊನ್ನೆ ಇಟ್ಟು ಕರೆದರೆ ಬೇಕಾದಷ್ಟು ಮೆಮೊರಿ ತಾನೇ ಪಡೆದು ಬೆಳೆಸಿಕೊಳ್ಳುತ್ತದೆ, ಓದಿದ ಬೈಟ್‌ಗಳ ಸಂಖ್ಯೆಯನ್ನೂ ಕೊಡುತ್ತದೆ. ಫೈಲ್ ಮುಗಿದರೂ ದೋಷ ಬಂದರೂ ಮೈನಸ್ 1. ಆ ಸಂಖ್ಯೆಗೆ ಚಿಹ್ನೆಯಿರುವ ಎಸ್‌ಸೈಜ್‌ಟಿ ವಿಧದ ವೇರಿಯಬಲ್ ಬೇಕು. ಚಿಹ್ನೆಯಿಲ್ಲದ ಸೈಜ್‌ಟಿಯಲ್ಲಿ ಹಿಡಿದರೆ ಮೈನಸ್ 1 ಬಲು ದೊಡ್ಡ ಸಂಖ್ಯೆಯಾಗುತ್ತದೆ. ಲೂಪ್ ಮುಗಿದ ಮೇಲೆ ಒಮ್ಮೆ ಫ್ರೀ ಮಾಡಿ, ಓದು ವಿಫಲವಾದಾಗಲೂ. ಒಂದೇ ಬಫರ್ ಪ್ರತಿ ಸುತ್ತಿಗೂ ಮರುಬಳಕೆಯಾಗುವುದರಿಂದ ಆ ಪಾಯಿಂಟರನ್ನೇ ಪಟ್ಟಿಯಲ್ಲಿ ಸೇರಿಸುತ್ತ ಹೋಗಬಾರದು. ಬಫರ್ ಜಾಗ ಬದಲಿಸದಿದ್ದರೆ ಪಟ್ಟಿಯ ತುಂಬ ಕೊನೆಯ ಸಾಲೇ ಕಾಣುತ್ತದೆ, ಬದಲಿಸಿದರೆ ಹಳೆಯ ಪಾಯಿಂಟರ್‌ಗಳು ಬಿಟ್ಟುಕೊಟ್ಟ ಮೆಮೊರಿಯತ್ತ ತೋರುತ್ತವೆ. ಉಳಿಸಿಕೊಳ್ಳಬೇಕಾದ ಸಾಲಿಗೆ ಸ್ಟ್ರ್‌ಡಪ್‌ನಿಂದ ಪ್ರತಿ ಮಾಡಿ. ಅಪರಿಚಿತರಿಂದ ಬರುವ ಡೇಟಾಗೆ ಮಾತ್ರ ಗೆಟ್‌ಲೈನ್ ಬೇಡವೆಂಬುದು ನಮ್ಮ ಖಚಿತ ಅಭಿಪ್ರಾಯ. ನ್ಯೂಲೈನ್ ಒಂದೂ ಇಲ್ಲದ ಕೆಲವು ಗಿಗಾಬೈಟ್ ಫೈಲ್ ಕೊಟ್ಟರೆ ಅದು ಅಷ್ಟೂ ಮೆಮೊರಿ ಕೇಳುತ್ತದೆ. ಅಲ್ಲಿ ಮಿತಿಯಿಟ್ಟ ಎಫ್‌ಗೆಟ್ಸ್ ಸರಿ.

ಸ್ಕ್ಯಾನ್‌ಎಫ್‌ನಿಂದ ಸಂಖ್ಯೆ ಓದಿ, ತಕ್ಷಣ ಎಫ್‌ಗೆಟ್ಸ್ ಕರೆದರೆ ಖಾಲಿ ಸಾಲು ಬರುತ್ತದೆ. ಸಂಖ್ಯೆಯ ನಂತರದ ನ್ಯೂಲೈನ್ ಬಫರಿನಲ್ಲೇ ಉಳಿದಿರುತ್ತದೆ. ಇದಕ್ಕೆ ಇನ್‌ಪುಟ್ ಮೇಲೆ ಎಫ್‌ಫ್ಲಶ್ (ಬಫರ್ ಖಾಲಿ ಮಾಡುವ ಫಂಕ್ಷನ್) ಮಾಡಿ ಎಂದು ಬರೆಯುವುದು ತಪ್ಪು, ಕೀಬೋರ್ಡ್ ಇನ್‌ಪುಟ್‌ಗೆ ಅದರ ವರ್ತನೆಯನ್ನು ಸಿ ಮಾನಕ ನಿರ್ಧರಿಸಿಲ್ಲ. ಇಡೀ ಸಾಲನ್ನು ಎಫ್‌ಗೆಟ್ಸ್‌ನಿಂದ ಓದಿ, ಪಠ್ಯವನ್ನು ಸಂಖ್ಯೆಯಾಗಿಸುವ ಸ್ಟ್ರ್‌ಟಾಲ್‌ಗೆ ಕೊಡಿ. ಅದು ಎಲ್ಲಿಗೆ ನಿಂತಿತು ಎಂಬ ಪಾಯಿಂಟರ್ ನೋಡಿದರೆ ‘12ಕಖ’ದಂಥ ಕೆಟ್ಟ ಇನ್‌ಪುಟ್ ಕೂಡಲೇ ಸಿಕ್ಕಿಬೀಳುತ್ತದೆ.

ಲೈಬ್ರರಿಯ ಓದನ್ನೂ ರೀಡ್ ಸಿಸ್ಟಮ್ ಕಾಲನ್ನೂ ಒಂದೇ ಫೈಲಿನ ಮೇಲೆ ಬೆರೆಸಬೇಡಿ. ಮೊದಲ ಎಫ್‌ಗೆಟ್ಸ್ ಒಂದು ಸಾಲು ಕೊಟ್ಟರೂ ಇಡೀ ತುಂಡನ್ನು ಬಫರಿಗೆ ಎಳೆದುಕೊಂಡಿರುತ್ತದೆ, ರೀಡ್‌ಗೆ ಸಿಗುವುದು ಅದರ ಮುಂದಿನದು. ಪೈಪ್ ಅಥವಾ ಸಾಕೆಟ್ ಮೇಲೆ, ಡೇಟಾ ಬಂದಿದೆಯೇ ಎಂದು ಕೇಳುವ ಪೋಲ್ ಬಳಸುವವರು ಸಿಕ್ಕಿಬೀಳುವುದೂ ಇದರಲ್ಲೇ: ಬಫರಿನಲ್ಲಿ ಐದು ಸಾಲು ಕಾದಿದ್ದರೂ ಪೋಲ್ ಏನೂ ಬಂದಿಲ್ಲ ಎನ್ನುತ್ತದೆ. ಸೆಟ್‌ವಿಬಫ್‌ನಿಂದ ಸ್ವಂತ ಬಫರ್ ಕೊಡುವುದಾದರೆ ಫೈಲ್ ತೆರೆದ ಕೂಡಲೇ, ಓದುವ ಮೊದಲೇ ಕೊಡಿ. ಫೈಲ್ ಮುಚ್ಚುವವರೆಗೆ ಆ ಅರೇ ಬದುಕಿರಬೇಕು, ಫಂಕ್ಷನ್‌ನ ಒಳಗಿನ ಅರೇ ಕೊಟ್ಟು ಫಂಕ್ಷನ್‌ನಿಂದ ಹೊರಬಂದರೆ ಪರಿಣಾಮ ಊಹಿಸಲಾಗದು.

ಪಾಠ ಬರೆಯುವವರಲ್ಲಿ ನಮ್ಮ ಕೋರಿಕೆ ಇಷ್ಟು. ಸಾಲು ಓದುವ ಪ್ರತಿ ಅಭ್ಯಾಸದ ಜೊತೆ ಪರೀಕ್ಷೆಗೆಂದು ಕೆಲವು ಫೈಲುಗಳನ್ನು ಕೊಡಿ: ಪೂರ್ತಿ ಖಾಲಿ ಫೈಲ್, ಕೊನೆಯಲ್ಲಿ ನ್ಯೂಲೈನ್ ಇಲ್ಲದ್ದು, ಅರೇಗಿಂತ ಎರಡು, ಒಂದು ಅಕ್ಷರ ಕಡಿಮೆಯಿರುವ ಮತ್ತು ಸರಿಸಮವಾದ ಸಾಲುಗಳಿರುವುದು, ವಿಂಡೋಸ್ ಸಾಲುಗಳದ್ದು, ನಡುವೆ ಸೊನ್ನೆ ಬೈಟ್ ಇರುವುದು, ಉದ್ದನೆಯ ಕನ್ನಡ ಸಾಲಿನದ್ದು. ಫೈಲ್ ಹೆಸರಿನ ಜಾಗದಲ್ಲಿ ಒಮ್ಮೆ ಡೈರೆಕ್ಟರಿಯನ್ನೂ ಕೊಡಿಸಿ. ಅಂಕ ಕೊಡುವ ಮೊದಲು ವಿದ್ಯಾರ್ಥಿಯ ಪ್ರೋಗ್ರಾಮನ್ನು ಇವೆಲ್ಲದರ ಮೇಲೂ ಓಡಿಸಿ ನೋಡಿ.

ಇತಿ ತಮ್ಮ ವಿಶ್ವಾಸಿಗಳು,
ಸಿ ಭಾಷೆ ಕಲಿಸುವ ಕೆಲವು ಬೋಧಕರು