ದಾಖಲಾತಿ ಪುಸ್ತಕದ ‘ದಿವಂಗತ’

ಮಾನ್ಯ ಸಂಪಾದಕರೇ,

ಬ್ಯಾಡಗಿ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದವಳು ನಾನು. ನಿವೃತ್ತಿ ಹತ್ತಿರವಾದಾಗ ಆರನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಸೋಮವಾರ ಬಂತೆಂದರೆ ಪೆನ್ನು ಹಿಡಿಯುತ್ತಿರಲಿಲ್ಲ. ಒಂದು ದಿನ ಗದರಿಸಿದೆ. ಮಾತನಾಡದೆ ಎರಡೂ ಕೈ ಚಾಚಿದಳು. ಬೆರಳ ತುದಿಗಳು ಕೆಂಪಗೆ ಬಾತಿದ್ದವು, ಮೇಲೆ ಕೊಬ್ಬರಿ ಎಣ್ಣೆ. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಅಜ್ಜಿಯ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಳಂತೆ. ತಾಯಿ ಮೊದಲೇ ತೀರಿಕೊಂಡಿದ್ದಳು. ತಂದೆ ಗೋವಾಕ್ಕೆ ದುಡಿಯಲು ಹೋಗಿ ಅಲ್ಲಿಯೇ ಸತ್ತ. ಇಬ್ಬರ ಹೆಸರಿನ ಮುಂದೆಯೂ ‘ದಿವಂಗತ’ ಎಂದು ದಾಖಲಾತಿ ಪುಸ್ತಕದಲ್ಲಿ ಬರೆದವಳು ನಾನೇ. ಬರೆದು, ಹಾಳೆ ಮಗುಚಿದ್ದೆ.

ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಇಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ ಎಂದು ವಿಚಾರಿಸಿ ತಿಳಿದುಕೊಂಡದ್ದು ಆ ಕೈಗಳನ್ನು ನೋಡಿದ ಮೇಲೆ. ಮಗು ಅನಾಥಾಲಯ ಸೇರಬೇಕಿಲ್ಲ. ಬಂಧುಗಳ ಮನೆಯಲ್ಲಿದ್ದುಕೊಂಡೇ ಶಾಲೆಗೆ ಹೋಗಬಹುದು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಈ ವಿಷಯ ಹೇಳಲು ಹೋದಾಗ ಅಜ್ಜಿಗೆ ಸಿಟ್ಟು ಬಂತು. ‘ನಾನು ಜೀವಂತ ಇರುವಾಗ ಇವಳು ಅನಾಥೆ ಹೇಗಾಗುತ್ತಾಳೆ, ಟೀಚರ್?’ ಎಂದಳು.

ಆಕೆಯ ಮನಸ್ಸು ಒಲಿಸಿದ್ದಾಯಿತು. ಪ್ಲಾಸ್ಟಿಕ್ ಚೀಲ ಬಿಚ್ಚಿದರೆ ಪಡಿತರ ಚೀಟಿ, ಕರೆಂಟ್ ಬಿಲ್ಲು, ಮಗನ ಒಂದು ಭಾವಚಿತ್ರ. ಮರಣ ಪ್ರಮಾಣಪತ್ರ ಇರಲಿಲ್ಲ. ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ಅದನ್ನು ನೋಂದಾಯಿಸಬೇಕು. ನಮ್ಮೂರಿನ ಗಾರೆ ಕೆಲಸದವರೊಬ್ಬರು ಗೋವಾದಲ್ಲಿ ಮೂರು ಬಾರಿ ಅಲೆದು ತಂದುಕೊಟ್ಟರು. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಮನೆ ಭೇಟಿ, ಸಮಿತಿಯ ಒಪ್ಪಿಗೆ ಎಂದು ಮೊದಲ ಕಂತು ಬರುವಷ್ಟರಲ್ಲಿ ಹನ್ನೊಂದು ತಿಂಗಳಾಯಿತು. ಅಷ್ಟೂ ದಿನ ಅವಳು ತೊಟ್ಟು ಬಿಡಿಸಿದಳು. ಹಣ ಬಂದ ವಾರದಿಂದ ಅಜ್ಜಿ ಅವಳನ್ನು ಕೆಲಸಕ್ಕೆ ಕರೆದೊಯ್ದಿಲ್ಲ.

ಹಳ್ಳಿಯ ಕುಟುಂಬದ ಆದಾಯ ವರ್ಷಕ್ಕೆ 72,000 ರೂಪಾಯಿ ಮೀರಬಾರದು ಎಂಬ ನಿಯಮ ನನಗೆ ಸರಿಕಾಣುವುದಿಲ್ಲ. ಎಂದರೆ ತಿಂಗಳಿಗೆ ಆರು ಸಾವಿರ. ಅಣ್ಣನ ಮಗುವನ್ನು ಸಾಕುವ ಚಿಕ್ಕಪ್ಪ ದಿನಗೂಲಿಗೆ ಹೋದರೂ ಆ ಗೆರೆ ದಾಟಿಬಿಡುತ್ತಾನೆ. ಸರ್ಕಾರ ಇದನ್ನು ಏರಿಸಬೇಕು.

ಹುಟ್ಟುಹಬ್ಬದ ದಿನ ಅನಾಥಾಲಯಕ್ಕೆ ಹೋಗಿ ಊಟ ಹಾಕಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಪುಣ್ಯದ ಕೆಲಸವೇ. ಅಜ್ಜಿಯ ಮನೆಯಲ್ಲಿರುವ ಮಗುವಿನ ಬಾಗಿಲಿಗೆ ಮಾತ್ರ ಫಲಕವಿಲ್ಲ, ಯಾರೂ ಹೋಗುವುದಿಲ್ಲ. ಅಂಥ ಒಂದು ಮಗುವಿನ ಅಜ್ಜಿಯ ಜೊತೆ ಒಂದು ದಿನ ನಾಡಕಚೇರಿಗೆ ಹೋಗಿ ಬನ್ನಿ ಎಂದು ಅವರನ್ನು ಕೇಳಿಕೊಳ್ಳುತ್ತೇನೆ. ಮುಖ್ಯ ಶಿಕ್ಷಕರಲ್ಲೂ ಒಂದು ವಿನಂತಿ: ಜೂನ್ ದಾಖಲಾತಿಯಲ್ಲಿ ‘ದಿವಂಗತ’ ಎಂದು ಬರೆದ ದಿನವೇ ಆ ಮಗುವಿನ ಅರ್ಜಿಯನ್ನೂ ತುಂಬಿಸಿ.

– ನಿವೃತ್ತ ಶಿಕ್ಷಕಿ, ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ