ಕಾಲು ತೋರಿಸಿ, ಅಪ್ಪ

ಗ್ಲಾಸ್ಟನ್‌ಬರಿ, ಸಾಮರ್‌ಸೆಟ್
ಏಪ್ರಿಲ್, ಭಾನುವಾರ

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು. ನಾನು ಇಲ್ಲಿ ಆರಾಮ. ನೀವೆಲ್ಲರೂ ಆರಾಮ ಎಂದು ನಂಬಿದ್ದೇನೆ ಎಂದು ಬರೆಯುವವನಿದ್ದೆ. ಆದರೆ ನಿಮ್ಮ ಲಕೋಟೆಯಲ್ಲೇ ರೇಣುಕಾಳ ಚೀಟಿಯೂ ಇತ್ತು. ನೀವು ಅಂಟು ಹಚ್ಚುವ ಮೊದಲು ಒಳಗೆ ತುರುಕಿದ್ದಾಳೆ. ಅವಳನ್ನು ಬೈಯಬೇಡಿ.

ನೀವು ಬರೆದದ್ದು: ಎಲ್ಲ ಆರಾಮ, ಶೇಂಗಾ ಚಲೋ ಬಂದಿದೆ, ಎಮ್ಮೆ ಗಬ್ಬ ಆಗಿದೆ. ಅವಳು ಬರೆದದ್ದು ಬೇರೆ. ತಿಂಥಣಿ ಮೌನೇಶ್ವರನ ಜಾತ್ರೆಗೆ ಬರಿಗಾಲಲ್ಲಿ ನಡೆದು ಹೋದಾಗ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆದಿದೆ. ಗಾಯ ಇನ್ನೂ ಮಾಯ್ದಿಲ್ಲ. ನೀವು ಹಳೇ ಧೋತರದ ಚೂರು ಸುತ್ತಿ, ಮೇಲೆ ಕಾಲುಚೀಲ ಹಾಕಿಕೊಂಡು ತಿರುಗುತ್ತಿದ್ದೀರಿ. ಏಪ್ರಿಲ್ ತಿಂಗಳ ಸುರಪುರದಲ್ಲಿ ಕಾಲುಚೀಲ! ಓಣಿಯಲ್ಲಿ ಒಬ್ಬರೂ ಯಾಕೆ ಎಂದು ಕೇಳಲಿಲ್ಲವೇ? ನಾನು ಫೋನ್ ಮಾಡಿದಾಗಲೆಲ್ಲ ಆರಾಮ ಇದ್ದೀನಪ್ಪ ಎಂದು ಹೇಳಿ ಫೋನು ಅವ್ವನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದರ ಫೋಟೋ ರೇಣುಕಾಳಿಗೆ ಕಳಿಸುತ್ತೇನೆ. ಅವಳು ಇವತ್ತೇ ಪ್ರಿಂಟ್ ತೆಗೆಸಿ ನಿಮ್ಮ ಮುಂದೆ ಇಡಬೇಕು.

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಇಲ್ಲದಿದ್ದರೆ ಮುಂದೆ ಓದುವುದಿಲ್ಲ ನೀವು. ಹಕ್ಕಿ ಎಣಿಸಿದ್ದಕ್ಕೂ ಪಗಾರ ಕೊಡುತ್ತಾರಾ ಎಂದು ಕೇಳಿದ್ದೀರಿ. ಕೊಡುತ್ತಾರೆ. ಎಣಿಸುವುದು ವಸಂತದಲ್ಲಿ ಮಾತ್ರ. ಚಳಿಗಾಲವೆಲ್ಲ ಜೊಂಡು ಕೊಯ್ಯುವ ಕೆಲಸ. ಎಂ.ಎಸ್ಸಿ. ಓದಿಸಿದ್ದು ಹುಲ್ಲು ಕೊಯ್ಯುವುದಕ್ಕಾ ಎಂದು ಶಿವಣ್ಣ ಕಾಕಾ ನಗುತ್ತಾರೆ, ಗೊತ್ತು. ನಗಲಿ. ಜೊಂಡನ್ನು ಹಾಗೇ ಬಿಟ್ಟರೆ ಒಣಗಿದ್ದೆಲ್ಲ ಅಲ್ಲೇ ಬಿದ್ದು ಕೊಳೆತು ನೆಲ ಮೇಲೇರುತ್ತದೆ. ನೀರು ಕಡಿಮೆಯಾಗಿ ಗಿಡಗಂಟಿ ಬೆಳೆಯುತ್ತದೆ. ಮೀನು ಹೋಗುತ್ತದೆ, ಮೀನಿನ ಹಿಂದೆ ಹಕ್ಕಿಯೂ ಹೋಗುತ್ತದೆ.

ಹಕ್ಕಿಯ ಹೆಸರು ಬಿಟರ್ನ್. ಕೊಕ್ಕರೆ ಕುಲದ್ದೇ, ಆದರೆ ಕುತ್ತಿಗೆ ದಪ್ಪ. ಮೈಯೆಲ್ಲ ಒಣ ಜೊಂಡಿನ ಬಣ್ಣ, ಅದರ ಮೇಲೆ ಕಪ್ಪು ಗೀರು. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನ ಇದನ್ನು ಕಣ್ಣಿಂದ ನೋಡಿಲ್ಲ. ಕೂಗು ಮಾತ್ರ ಗಾಳಿ ಇಲ್ಲದ ಬೆಳಗಿನಲ್ಲಿ 5 ಕಿ.ಮೀ. ದೂರಕ್ಕೂ ಕೇಳುತ್ತದೆ. ಗಂಡು ಮೊದಲು ಸಣ್ಣದಾಗಿ ಗೊರಗೊರ ಎಂದು ಉಸಿರೆಳೆದುಕೊಂಡು ಗಂಟಲು ತುಂಬ ಗಾಳಿ ತುಂಬಿಸುತ್ತದೆ. ಆಮೇಲೆ ಖಾಲಿ ಕೊಡದ ಬಾಯಿಗೆ ಊದಿದ ಹಾಗೆ ಒಂದು ಹೂಂಪ್. ಮೊದಲ ಸಲ ಕೇಳಿದಾಗ ದೂರದಲ್ಲೆಲ್ಲೋ ಪಂಪ್‌ಸೆಟ್ ಶುರುವಾಯಿತು ಎಂದುಕೊಂಡಿದ್ದೆ.

ಹಕ್ಕಿ ಕಾಣುವುದೇ ಇಲ್ಲ ಅಲ್ವಾ, ಹಾಗಾಗಿ ಕೂಗನ್ನೇ ಎಣಿಸಬೇಕು. ಬೆಳಕು ಹರಿಯುವ ಮೊದಲೇ ಒಬ್ಬೊಬ್ಬರು ಒಂದೊಂದು ಕಡೆ ನಿಂತು, ಕೂಗು ಕೇಳಿದ ಸಮಯ ಬರೆದು, ಯಾವ ದಿಕ್ಕಿನಿಂದ ಬಂತೆಂದು ದಿಕ್ಸೂಚಿ ನೋಡಿ ಗುರುತು ಹಾಕಿಕೊಳ್ಳುತ್ತೇವೆ. ಆಮೇಲೆ ನಕ್ಷೆಯ ಮೇಲೆ ಗೆರೆ ಎಳೆದರೆ, ಗೆರೆಗಳು ಕೂಡಿದಲ್ಲಿ ಗಂಡು ಇದೆ ಎಂದರ್ಥ. ಹಿಂದೆ ಒಬ್ಬೊಬ್ಬ ಗಂಡಿನ ದನಿ ಬೇರೆ ಎಂದು ರೆಕಾರ್ಡ್ ಮಾಡಿ ಗುರುತಿಸಿದವರೂ ಇದ್ದಾರೆ. ಹೆಣ್ಣು ಲೆಕ್ಕಕ್ಕೇ ಸಿಗುವುದಿಲ್ಲ. ಗೂಡು ಕಟ್ಟುವುದು, ನಾಲ್ಕೈದು ಮೊಟ್ಟೆಗೆ ಕಾವು ಕೊಡುವುದು, ಮರಿಗೆ ತಿನ್ನಿಸುವುದು ಎಲ್ಲ ಅವಳ ಪಾಲು. ಗಂಡು ಬರೀ ಕೂಗುತ್ತದೆ. ಅದಕ್ಕೆ ಐದು ಹೆಂಡಂದಿರ ತನಕ ಇರಬಹುದು. ಇದನ್ನು ಅವ್ವನಿಗೆ ಓದಿ ಹೇಳಬೇಡಿ, ಸುಮ್ನೆ ನಿಮಗೆ ಮಾತು ಬರುತ್ತದೆ.

ಇವರು ಇದರ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣ ಇದೆ. ಹಿಂದೆ ಇವರೇ ಇದನ್ನು ಹೊಡೆದು ತಿಂದರು, ಹುಲ್ಲು ತುಂಬಿ ಗಾಜಿನ ಪೆಟ್ಟಿಗೆಯಲ್ಲಿಟ್ಟರು, ಜೌಗು ಬಸಿದು ಹೊಲ ಮಾಡಿದರು. 19ನೇ ಶತಮಾನ ಮುಗಿಯುವ ಹೊತ್ತಿಗೆ ಈ ದೇಶದಲ್ಲಿ ಒಂದೂ ಗೂಡಿರಲಿಲ್ಲ. 1911ರಲ್ಲಿ ನಾರ್ಫೋಕ್‌ನಲ್ಲಿ ಮತ್ತೆ ಗೂಡು ಸಿಕ್ಕಿತು. ಸ್ವಲ್ಪ ಕಾಲ ಹೆಚ್ಚಿ ಪುನಃ ಇಳಿಯಿತು. 1997ರಲ್ಲಿ ದೇಶದಲ್ಲೆಲ್ಲ ಕೂಗುವ ಗಂಡು 11 ಮಾತ್ರ. ಈಗ 200 ದಾಟಿದೆ. ನಾನು ಇರುವ ಈ ಜಾಗ ಇದೆಯಲ್ಲ, ಇಲ್ಲಿ ಮೊದಲು ಕೆರೆಯೇ ಇರಲಿಲ್ಲ. ಒಲೆಗೂ ತೋಟಕ್ಕೂ ಎಂದು ಕೊಳೆತ ಜೊಂಡಿನ ಮಣ್ಣನ್ನು ಅಗೆದು ಮಾರಿದ ಗುಂಡಿಗಳು. ಅವಕ್ಕೆ ನೀರು ತುಂಬಿಸಿ, ಜೊಂಡು ನೆಟ್ಟು, ಮೀನು ಬಿಟ್ಟರು. ಕೆರೆ ಕಟ್ಟುವುದು ನಮಗೆ ಹೊಸದಾ? ನಮ್ಮ ಸುರಪುರದ ಅರಸ ಪಾಮನಾಯಕರು ಕಟ್ಟಿಸಿದ ಬೋನಾಳ ಕೆರೆಯನ್ನು ಆಮೇಲೆ ಬ್ರಿಟಿಷ್ ಅಧಿಕಾರಿ ಟೇಲರ್ ಸಾಹೇಬ ಸುಧಾರಿಸಿದ ಎಂದು ಇಲ್ಲಿಯವರಿಗೆ ಹೇಳಿದೆ. ನಿಮ್ಮ ಊರಿನಲ್ಲಿ ನಮ್ಮವರಾ ಎಂದು ಬಾಯಿ ಬಿಟ್ಟರು. ಅವನ ಬಂಗಲೆ ಟೇಲರ್ ಮಂಜಿಲ್‌ನ ಫೋಟೋ ತೋರಿಸಿದೆ.

ಇನ್ನೊಂದು ಕೇಳಿ. ನಮ್ಮ ಎಮ್ಮೆ ಬೆನ್ನ ಮೇಲೆ ಕೂರುವಂಥ ಬೆಳ್ಳಕ್ಕಿ ಬ್ರಿಟನ್ನಿನಲ್ಲಿ ಮೊಟ್ಟಮೊದಲು ಗೂಡು ಕಟ್ಟಿದ್ದು 2008ರಲ್ಲಿ, ಈ ಸಾಮರ್‌ಸೆಟ್‌ನಲ್ಲೇ. ತೋಳುದ್ದ ಲೆನ್ಸ್ ಹಾಕಿಕೊಂಡು ಅದನ್ನು ನೋಡಲು ಬರುತ್ತಾರೆ. ನಮ್ಮ ಕೊಟ್ಟಿಗೆಗೆ ಟಿಕೆಟ್ ಇಟ್ಟಿದ್ದರೆ ಸಾಲ ತೀರುತ್ತಿತ್ತು.

ಬೋನಾಳದಲ್ಲಿ ಬಿಟರ್ನ್ ಇದೆಯಾ ಎಂದು ಕೇಳಿದ್ದೀರಿ. ಈ ದೊಡ್ಡದು ನಮ್ಮ ದೇಶಕ್ಕೆ ಚಳಿಗಾಲದ ಅತಿಥಿ, ನಮ್ಮ ಕಡೆ ಸಿಗುವುದು ಬಹಳ ಅಪರೂಪ. ಇದರ ಸಣ್ಣ ಬಂಧುಗಳು, ಹಳದಿಯದು, ಇಟ್ಟಿಗೆ ಕೆಂಪಿನದು, ನಮ್ಮಲ್ಲಿ ಇವೆ. ಮಳೆಗಾಲದ ಸಂಜೆ ಭತ್ತದ ಗದ್ದೆಯಿಂದ ಎದ್ದು ನಾಲ್ಕು ಮಾರು ಹಾರಿ ಮತ್ತೆ ಭತ್ತದೊಳಗೆ ಬೀಳುವ ಹಕ್ಕಿ ಕಂಡರೆ ಅದೇ ಇರಬಹುದು.

ಫೆಬ್ರವರಿಯಲ್ಲಿ ಜೊಂಡು ಕೊಯ್ಯುವಾಗ ಒಂದನ್ನು ತೀರಾ ಹತ್ತಿರದಲ್ಲಿ ನೋಡಿದೆ. ಕುಡುಗೋಲು ಚಾಚಿದರೆ ತಾಗುವಷ್ಟು ಹತ್ತಿರ. ಕೊಕ್ಕು ನೇರ ಆಕಾಶಕ್ಕೆ, ಕಣ್ಣೆರಡೂ ಮಾತ್ರ ಕೊಕ್ಕಿನ ಕೆಳಗಿಂದ ನನ್ನನ್ನೇ ನೋಡುತ್ತಿವೆ. ಗಾಳಿಗೆ ಜೊಂಡು ತೂಗಿದರೆ ಅದೂ ತೂಗುತ್ತದೆ. ಹಸಿರು ಕಾಲು, ಉದ್ದ ಬೆರಳು. ಒಂದೊಂದು ಕಾಲಲ್ಲಿ ಮೂರು ನಾಲ್ಕು ಕಡ್ಡಿ ಸೇರಿಸಿ ಬಿಗಿಯಾಗಿ ಹಿಡಿದುಕೊಂಡಿತ್ತು. ಅಲ್ಲಾಡದೆ ನಿಂತರೆ ಯಾರಿಗೂ ಕಾಣುವುದಿಲ್ಲ ಎಂಬುದು ಅದರ ಲೆಕ್ಕ. ಬಹಳ ಸಲ ಆ ಲೆಕ್ಕ ಸರಿಯೇ. ಆದರೆ ನೀರು ಹೆಪ್ಪುಗಟ್ಟಿ ಮೀನು ಸಿಗದ ಚಳಿಯಲ್ಲೂ ಅದು ಬೇಗ ಹೊರಗೆ ಬರುವುದಿಲ್ಲ. ಹಸಿವು ತಾಳದೆ ಬಯಲಿಗೆ ಬರುವ ಹೊತ್ತಿಗೆ ಎದೆಯ ಮೂಳೆ ಕೈಗೆ ಹತ್ತುತ್ತಿರುತ್ತದೆ, ಎತ್ತಿಕೊಂಡು ಹೋಗಿ ಆರೈಕೆ ಮಾಡಿದರೂ ಎಲ್ಲವೂ ಉಳಿಯುವುದಿಲ್ಲ.

ಕಾಲುಚೀಲ ತೆಗೆಯಿರಿ ಅಪ್ಪ.

ನೋವೇ ಇಲ್ಲ, ಸುಮ್ನೆ ಗಾಬರಿ ಯಾಕೆ ಎಂದು ನೀವು ಅಂದಿರಂತೆ. ನೋವಿಲ್ಲದ್ದೇ ನನಗೆ ಗಾಬರಿ. ವರ್ಷಗಟ್ಟಲೆ ಶುಗರ್ ಇದ್ದವರಿಗೆ ಪಾದದ ನರ ಮಂಕಾಗುತ್ತದೆ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ರಕ್ತ ಓಡಾಟವೂ ಕಡಿಮೆಯಾಗಿ ಗಾಯ ಬೇಗ ಮಾಯುವುದಿಲ್ಲ. ಮೇಲೆ ಒಣಗಿದ ಹಾಗೆ ಕಂಡು ಒಳಗೆ ಮೂಳೆಗೆ ಕೀವು ಹೋಗಿರಬಹುದು. ಮಲ್ಲಪ್ಪ ಮಾವನ ವಿಷಯ ನಾನು ಬರೆಯುವುದಿಲ್ಲ. ಅವರ ಜೊತೆ ದವಾಖಾನೆಯಲ್ಲಿ ಮಲಗಿದ್ದವರು ನೀವೇ.

ಅರಿಶಿನ, ಸುಣ್ಣ ಹಚ್ಚಬೇಡಿ. ಬಿಸಿನೀರಲ್ಲಿ ಕಾಲು ಇಡಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಮನೆಯೊಳಗೂ ಚಪ್ಪಲಿ ಬೇಕು. ದೇವರಿಗೆ ನಾನು ಕೈ ಮುಗಿದು ಹೇಳಿಕೊಂಡಿದ್ದೇನೆ, ಮೌನೇಶ್ವರ ಏನೂ ಅನ್ನುವುದಿಲ್ಲ. ನಾಳೆಯೇ ಕಲಬುರಗಿಗೆ ಹೋಗಿ ಶುಗರ್ ಕಾಲು ನೋಡುವ ಡಾಕ್ಟರಿಗೆ ತೋರಿಸಿ. ಮೂರು ತಿಂಗಳ ಶುಗರ್ ಟೆಸ್ಟ್, ಪಾದದ ಎಕ್ಸ್‌ರೇ ಎರಡೂ ಆಗಬೇಕು. ರೇಣುಕಾ ಜೊತೆಗೆ ಬರುತ್ತಾಳೆ. ಡಾಕ್ಟರ್ ಮುಂದೆ ನೀವು ಆರಾಮ ಎನ್ನುವ ಮೊದಲು ಅವಳು ಮಾತಾಡಬೇಕು.

ನನ್ನ ಚಿಂತೆ ಬೇಡ. ಎದೆಮಟ್ಟದ ರಬ್ಬರ್ ಪ್ಯಾಂಟು ಕೊಟ್ಟಿದ್ದಾರೆ, ನೀರು ಒಳಗೆ ಬರುವುದೇ ಇಲ್ಲ. ಒಬ್ಬನೇ ಎಲ್ಲೂ ಇಳಿಯುವುದಿಲ್ಲ. ಊಟ ಚೆನ್ನಾಗಿದೆ, ತೂಕ ಜಾಸ್ತಿಯೇ ಆಗಿದೆ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಇನ್ನೂ ಇದೆ. ಕೆಮ್ಮು ಪೂರ್ತಿ ಹೋಗಿದೆ, ಅದು ಕೆಮ್ಮೇ ಅಲ್ಲ, ಗಂಟಲು ಒಣಗಿದ್ದು ಅಷ್ಟೇ.

ಬಸ್ಸಿಗೆ ಹೊತ್ತಾಯಿತು, ಭಾನುವಾರ ಇದು ತಪ್ಪಿದರೆ ಇನ್ನೊಂದಿಲ್ಲ. ರೇಣುಕಾಳ ಖಾತೆಗೆ ದುಡ್ಡು ಹಾಕಿದ್ದೇನೆ. ಕಾರು ಮಾಡಿಕೊಂಡು ಹೋಗಿ, ಬಸ್ಸಲ್ಲಿ ನಿಂತು ಹೋಗಬೇಡಿ. ಅದು ದವಾಖಾನೆಯ ದುಡ್ಡು, ಕೊಟ್ಟಿಗೆಯ ತಗಡಿಗೆ ಹಾಕಬೇಡಿ, ತಗಡಿಗೆ ಮುಂದಿನ ತಿಂಗಳು ಬೇರೆ ಕಳಿಸುತ್ತೇನೆ. ಅವ್ವನಿಗೆ ನಮಸ್ಕಾರ.

ನಿಮ್ಮ ಮಗ,
ಬಸವರಾಜ